ಗಿರಾಕಿಯನ್ನು ಬರಿಗೈಲಿ ಕಳಿಸುವ ಕಲೆ

ಓದುಗರ ಪತ್ರ

ಮಾನ್ಯ ಸಂಪಾದಕರೆ,

ಕಳೆದ ತಿಂಗಳು ನನಗೆ ಅರವತ್ತು ತುಂಬಿತು. ಪುಣೆಯಲ್ಲಿ ಕೆಲಸದಲ್ಲಿರುವ ಮಗಳು ‘ಅಪ್ಪಾಜಿ, ಈ ಸಲ ನಿಮಗೊಂದು ಒಳ್ಳೇ ಸ್ವಿಸ್ ವಾಚು’ ಎಂದು ಹಟ ಹಿಡಿದು ಬೆಂಗಳೂರಿನ ದೊಡ್ಡ ಮಳಿಗೆಯೊಂದಕ್ಕೆ ಕರೆದುಕೊಂಡು ಹೋದಳು. ನಾವು ಬಯಸಿದ ಉಕ್ಕಿನ ವಾಚು ಗಾಜಿನೊಳಗೇ ಇತ್ತು. ಆದರೆ ಅದು ಪ್ರದರ್ಶನಕ್ಕೆ ಮಾತ್ರವಂತೆ. ಕೌಂಟರಿನ ಹುಡುಗ ಹೆಸರು, ಫೋನ್ ನಂಬರು ಬರೆದುಕೊಂಡು ‘ಇದಕ್ಕೆ ಮೊದಲು ನಮ್ಮಲ್ಲಿ ಏನಾದರೂ ತಗೊಂಡಿದ್ದೀರಾ ಸರ್?’ ಎಂದ. ಇಲ್ಲ ಅಂದೆವು. ಯಾವಾಗ ಸಿಗುತ್ತದೆ ಎಂದರೆ ‘ಹೇಳಕ್ಕಾಗಲ್ಲ’. ಅದೇ ವಾಚು ಮುಂಬಯಿಯ ಮರುಮಾರಾಟಗಾರನ ಹತ್ತಿರ ಒಂದೂವರೆ ಪಟ್ಟು ಬೆಲೆಗೆ ಇವತ್ತೇ ಸಿಗುತ್ತದೆ. ನಮ್ಮ ತಂದೆ ದಾವಣಗೆರೆಯ ಮಂಡಿಪೇಟೆಯಲ್ಲಿ ನಲವತ್ತು ವರ್ಷ ಜವಳಿ ಅಂಗಡಿ ನಡೆಸಿದವರು. ಗಿರಾಕಿಯನ್ನು ಬರಿಗೈಲಿ ಕಳಿಸಿದರೆ ಲಕ್ಷ್ಮಿ ಬೆನ್ನು ಹಾಕುತ್ತಾಳೆ ಅನ್ನುತ್ತಿದ್ದರು. ಇಷ್ಟು ಬೇಡಿಕೆ ಇರುವಾಗ ಹೆಚ್ಚು ಮಾಡಿ ಮಾರುವುದಕ್ಕೇನು ಕಷ್ಟ? ಕಂಪನಿಯವರಿಗೆ ದುಡ್ಡು ಬೇಡವೆ? ಸುಂಕ ಇಳಿದ ಮೇಲಾದರೂ ಸುಲಭವಾಗಿ ಸಿಕ್ಕೀತೆ?

ನಿವೃತ್ತ ಬ್ಯಾಂಕ್ ಅಧಿಕಾರಿ, ದಾವಣಗೆರೆ

ಸಂಪಾದಕರ ಉತ್ತರ

ನಿಮ್ಮ ಪತ್ರದಲ್ಲಿದ್ದ ಕಂಪನಿಯ ಹೆಸರು, ಮಳಿಗೆಯ ಹೆಸರು ಎರಡನ್ನೂ ನಾನೇ ಹೊಡೆದುಹಾಕಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಅನುಭವ ಯಾವ ಒಂದು ಅಂಗಡಿಯದೂ ಅಲ್ಲ. ಪತ್ರವನ್ನು ಎರಡು ಸಲ ಓದಿದೆ, ಎರಡನೇ ಸಲ ಓದಿದ್ದು ನಿಮ್ಮ ತಂದೆಯವರ ಮಾತಿಗಾಗಿ. ಅವರು ಮಾರುತ್ತಿದ್ದದ್ದು ಬಟ್ಟೆ. ಬಟ್ಟೆ ಮಾರುವವನಿಗೆ ಗಿರಾಕಿ ಬರಿಗೈಲಿ ಹೋದರೆ ನಷ್ಟ. ಆ ಮಳಿಗೆಯವರು ಮಾರುತ್ತಿರುವುದು ‘ಇಲ್ಲ’ ಎಂಬ ಎರಡಕ್ಷರವನ್ನು. ವಾಚು ಅದರ ಜೊತೆಗೆ ಬರುವ ರಸೀದಿ ಅಷ್ಟೆ. ಇದು ನನ್ನ ಹಳೆಯ ವಾದ. ಕಚೇರಿಯಲ್ಲಿ ಕೇಳಿ ಕೇಳಿ ಸಾಕಾದವರಿದ್ದಾರೆ, ಈಗ ನಿಮ್ಮ ಸರದಿ.

ಮೊದಲು ಕಂಪನಿಗಳ ಕಡೆಯ ಮಾತು ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ಬಾಯಿಬಿಡದ ರೋಲೆಕ್ಸ್ ಕಂಪನಿ 2021ರಲ್ಲಿ ಒಂದು ವಿವರಣೆ ಕೊಟ್ಟಿತು: ಅಭಾವ ನಮ್ಮ ತಂತ್ರವಲ್ಲ, ಗುಣಮಟ್ಟ ಕೆಡಿಸದೆ ಇದಕ್ಕಿಂತ ಹೆಚ್ಚು ಮಾಡಲಾಗುವುದಿಲ್ಲ, ನಮ್ಮ ವಾಚುಗಳೆಲ್ಲ ಸ್ವಿಟ್ಜರ್ಲೆಂಡಿನ ನಮ್ಮದೇ ಕಾರ್ಖಾನೆಗಳಲ್ಲಿ ಆಗುವಂಥವು ಎಂದು. ಇದರಲ್ಲಿ ಸುಳ್ಳೇನಿಲ್ಲ. ಕೂದಲೆಳೆ ದಪ್ಪದ ಸ್ಪ್ರಿಂಗನ್ನು ಕೂರಿಸುವ ಕೈ ಒಂದೆರಡು ತಿಂಗಳಲ್ಲಿ ತಯಾರಾಗುವುದಿಲ್ಲ. ಬ್ಯೂಲ್ ಎಂಬ ಊರಿನಲ್ಲಿ ನೂರು ಕೋಟಿ ಸ್ವಿಸ್ ಫ್ರಾಂಕಿಗೂ ಹೆಚ್ಚು ಸುರಿದು ಹೊಸ ಕಾರ್ಖಾನೆ ಕಟ್ಟಲು ಹೊರಟಿದ್ದಾರೆ, ಅದು ಶುರುವಾಗುವುದು 2029ಕ್ಕಂತೆ. ಅವಸರ ಮಾಡದವರನ್ನು ಬೈಯಬಾರದು. ಸರಿ, ಅವರ ಪರವಾಗಿ ಹೇಳಿದ್ದಾಯಿತು.

ಈಗ ಲೆಕ್ಕಕ್ಕೆ ಬನ್ನಿ, ನೀವು ಬ್ಯಾಂಕಿನವರು. ರೋಲೆಕ್ಸ್ ತನ್ನ ಉತ್ಪಾದನೆಯ ಅಂಕಿ ಹೊರಗೆ ಬಿಡುವುದಿಲ್ಲ. ಹೊರಗಿನ ವಿಶ್ಲೇಷಕರ ಅಂದಾಜಿನ ಪ್ರಕಾರ ಅದು ವರ್ಷಕ್ಕೆ ಹತ್ತು ಲಕ್ಷಕ್ಕೂ ಮೇಲೆ. ವರ್ಷಕ್ಕೆ ಹತ್ತು ಲಕ್ಷ ತಯಾರಾಗುವ ವಸ್ತುವನ್ನು ‘ಅಪರೂಪ’ ಎಂದು ಜಗತ್ತನ್ನೇ ನಂಬಿಸಿದ್ದಾರಲ್ಲ, ಅದಕ್ಕೆ ನನ್ನದೊಂದು ಸಲಾಮು. ಇಡೀ ದೇಶದ ಲೆಕ್ಕ ನೋಡಿದರೆ ಇನ್ನೂ ಸೊಗಸು. 2011ರಲ್ಲಿ ಸ್ವಿಟ್ಜರ್ಲೆಂಡ್ ರಫ್ತು ಮಾಡಿದ ಕೈಗಡಿಯಾರಗಳು ಸುಮಾರು 2.98 ಕೋಟಿ. 2023ರಲ್ಲಿ ಅದು 1.69 ಕೋಟಿಗೆ ಇಳಿಯಿತು. ನಷ್ಟವಾಯಿತೆಂದು ಮರುಗಬೇಡಿ, ಆ ವರ್ಷದ ರಫ್ತಿನ ಮೌಲ್ಯ 2,670 ಕೋಟಿ ಫ್ರಾಂಕ್, ಅಲ್ಲಿಯವರೆಗಿನ ದಾಖಲೆ. ಎಣಿಕೆ ಅರ್ಧದ ಹತ್ತಿರಕ್ಕೆ ಬಂತು, ಗಲ್ಲಾಪೆಟ್ಟಿಗೆ ತುಂಬಿತು. ನಿಮ್ಮ ತಂದೆಯವರು ಇದನ್ನು ಕೇಳಿದ್ದರೆ ಗಜಕಡ್ಡಿ ಕೆಳಗಿಟ್ಟು ಕೂತುಬಿಡುತ್ತಿದ್ದರು.

ಇದು ಸ್ವಿಸ್ ವಾಚಿನವರಿಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ, ಪೆಟ್ಟು ತಿಂದು ಕಲಿತದ್ದು. 1969ರ ಕ್ರಿಸ್‌ಮಸ್ ದಿನ ಜಪಾನಿನ ಸೀಕೊ ಕಂಪನಿ ಬ್ಯಾಟರಿಯಿಂದ ನಡೆಯುವ ಮೊದಲ ಕ್ವಾರ್ಟ್ಸ್ ಕೈಗಡಿಯಾರವನ್ನು ಟೋಕಿಯೊದಲ್ಲಿ ಮಾರಾಟಕ್ಕಿಟ್ಟಿತು. ಕೀ ಕೊಡುವ ವಾಚಿಗಿಂತ ಕರಾರುವಾಕ್ಕು, ಕೆಲವೇ ವರ್ಷಗಳಲ್ಲಿ ಅದಕ್ಕಿಂತ ಅಗ್ಗ. 1970ರ ಸುಮಾರಿಗೆ ಸ್ವಿಸ್ ಗಡಿಯಾರ ಕಸುಬಿನಲ್ಲಿ 90,000 ಜನ ಇದ್ದರು, ಎಂಬತ್ತರ ದಶಕದ ನಡುವಿಗೆ ಬರುವಾಗ ಮೂರರಲ್ಲಿ ಒಂದು ಪಾಲು ಉಳಿದರೆ ಹೆಚ್ಚು. ಕಣಿವೆ ಕಣಿವೆಗಳಲ್ಲಿ ಕಾರ್ಖಾನೆಗಳಿಗೆ ಬೀಗ ಬಿತ್ತು. ಹೊತ್ತು ತೋರಿಸುವುದಷ್ಟೇ ಕೆಲಸವಾದರೆ ತಮ್ಮ ವಾಚು ಯಾರಿಗೂ ಬೇಕಿಲ್ಲ ಎಂಬುದು ಆಗ ಅವರಿಗೆ ಮನದಟ್ಟಾಯಿತು. ಉಳಿದವರು ಬೇರೆ ಏನನ್ನೋ ಮಾರಲು ಕಲಿತರು.

ಆ ‘ಬೇರೆ ಏನೋ’ ಅನ್ನುವುದಕ್ಕೆ ನನಗೆ ಬಲು ಇಷ್ಟವಾದ ಕಥೆ ಒಂದಿದೆ. ರೋಲೆಕ್ಸ್ ಡೇಟೋನಾ ಎಂಬ ವಾಚಿಗೆ ಇವತ್ತು ವರ್ಷಗಟ್ಟಲೆ ಕಾಯುವವರಿದ್ದಾರೆ. ಅರವತ್ತು, ಎಪ್ಪತ್ತರ ದಶಕದಲ್ಲಿ ಅದು ಅಂಗಡಿಯ ಗಾಜಿನೊಳಗೆ ದೂಳು ತಿನ್ನುತ್ತಿದ್ದ ಮಾಲು. ಅದರಲ್ಲೂ ಎರಡು ಮೂರು ಬಣ್ಣದ ಡಯಲ್ ಇರುವುದನ್ನು ಕೇಳುವವರೇ ಇರಲಿಲ್ಲ. ಅಂಥದೊಂದನ್ನು ಹಾಲಿವುಡ್ ನಟ ಪಾಲ್ ನ್ಯೂಮನ್‌ಗೆ ಹೆಂಡತಿ ಜೋನ್ ವುಡ್‌ವರ್ಡ್ ಕೊಡಿಸಿದಳು. ಆತನಿಗೆ ಕಾರ್ ರೇಸಿನ ಹುಚ್ಚು. ‘ಹುಷಾರಾಗಿ ಗಾಡಿ ಓಡಿಸಿ, ಇಂತಿ ನಾನು’ ಅನ್ನುವ ಅರ್ಥದ ಮಾತನ್ನು ವಾಚಿನ ಬೆನ್ನಿಗೆ ಕೆತ್ತಿಸಿದ್ದಳು. 1984ರ ಬೇಸಿಗೆಯಲ್ಲಿ ನ್ಯೂಮನ್ ಮನೆಯ ಹಿತ್ತಲಲ್ಲಿ ಮಗಳ ಗೆಳೆಯನೊಬ್ಬ ಮರದ ಮೇಲಿನ ಆಟದ ಮನೆ ರಿಪೇರಿ ಮಾಡುತ್ತಿದ್ದ. ನ್ಯೂಮನ್ ಹೋಗಿ ‘ಗಂಟೆ ಎಷ್ಟಪ್ಪಾ?’ ಎಂದ. ಹುಡುಗನ ಹತ್ತಿರ ವಾಚಿರಲಿಲ್ಲ. ನ್ಯೂಮನ್ ಕೈಯಿಂದ ಬಿಚ್ಚಿ ಕೊಟ್ಟುಬಿಟ್ಟ, ಮರೆಯದೆ ಕೀ ಕೊಟ್ಟರೆ ಚೆನ್ನಾಗಿಯೇ ನಡೆಯುತ್ತದೆ ಎಂದು ಹೇಳಿ. ಅದೇ ವಾಚು 2017ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 1.77 ಕೋಟಿ ಡಾಲರಿಗೆ ಹೋಯಿತು.

ಆ ಡಯಲ್ಲಿನ ವಾಚು ಇವತ್ತು ವಿರಳ, ನಿಜ. ಅಂದು ಯಾರೂ ಕೊಳ್ಳಲಿಲ್ಲ, ಅದಕ್ಕೇ ಹೆಚ್ಚು ತಯಾರಾಗಲಿಲ್ಲ, ಅದಕ್ಕೇ ವಿರಳ. ಬೇಡವಾದ ಕೂಸು ಬೆಳೆದು ಊರ ಗೌಡನಾದ ಹಾಗೆ. ಔಡೆಮಾರ್ ಪಿಗೆ ಕಂಪನಿಯ ರಾಯಲ್ ಓಕ್ ಕಥೆಯೂ ಹೆಚ್ಚುಕಡಿಮೆ ಇದೇ. 1972ರಲ್ಲಿ ಜೆರಾಲ್ಡ್ ಜೆಂಟಾ ಎಂಬ ವಿನ್ಯಾಸಕಾರ ಬರೆದುಕೊಟ್ಟ ಎಂಟು ಮೂಲೆಯ ಉಕ್ಕಿನ ವಾಚಿಗೆ 3,300 ಫ್ರಾಂಕ್ ಬೆಲೆ ಇಟ್ಟಾಗ, ಚಿನ್ನದ ವಾಚೇ ಇದಕ್ಕಿಂತ ಕಡಿಮೆಗೆ ಸಿಗುತ್ತದಲ್ಲ ಎಂದು ಜನ ನಕ್ಕರು. ಮೊದಲ ಸಾವಿರ ಖರ್ಚಾಗಲು ತಿಣುಕಾಡಬೇಕಾಯಿತು. ಅನಿವಾರ್ಯವಾಗಿ ಬಂದ ವಿರಳತೆ ಮುಂದೆ ಎಂಥ ಫಲ ಕೊಡುತ್ತದೆಂದು ಕಂಡವರು, ಅದನ್ನು ಬೇಕೆಂದೇ ಬಿತ್ತದೆ ಬಿಡುತ್ತಾರೆಯೆ?

ನಿಮ್ಮ ಪತ್ರದಲ್ಲಿ ನೀವು ಕೇಳದೆ ಬಿಟ್ಟ ಪ್ರಶ್ನೆಯೇ ನಿಜವಾದ ಒಗಟು. ಮುಂಬಯಿಯವನು ಒಂದೂವರೆ ಪಟ್ಟು ಕೇಳುತ್ತಾನೆ, ಜನ ಕೊಡುತ್ತಾರೆ. ಹಾಗಾದರೆ ಕಂಪನಿಯೇ ಬೆಲೆ ಒಂದೂವರೆ ಪಟ್ಟು ಮಾಡಿ ಆ ಲಾಭವನ್ನು ತಾನೇ ಜೇಬಿಗೆ ಹಾಕಿಕೊಳ್ಳಬಹುದಲ್ಲ? ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವರು ಇದನ್ನು ಕೇಳಬೇಕಿತ್ತು!

ನಾನು ಓದಿ ಕೇಳಿ ತಿಳಿದ ಮಟ್ಟಿಗೆ ಉತ್ತರ ಹೀಗಿದೆ. ಕಾಳಸಂತೆಯ ಬೆಲೆ ಜ್ವರದ ಹಾಗೆ. 2022ರ ಮೊದಲ ತಿಂಗಳುಗಳಲ್ಲಿ ಏರಿ ತಾರಕಕ್ಕೆ ಹೋಗಿತ್ತು, ಆಮೇಲೆ ಇಳಿಯಿತು. ಆ ಏರಿಕೆಯನ್ನು ನಂಬಿ ಕಂಪನಿ ಪಟ್ಟಿಯ ಬೆಲೆ ಏರಿಸಿದ್ದರೆ ಮರುವರ್ಷ ರಿಯಾಯಿತಿ ಮಾರಾಟದ ಬೋರ್ಡು ಹಾಕಬೇಕಾಗುತ್ತಿತ್ತು. ಆಷಾಢದ ಸೇಲಿಗೆ ಬಂದ ಸೀರೆಯನ್ನು ಶ್ರಾವಣದಲ್ಲಿ ಯಾರಾದರೂ ಪೂರ್ತಿ ಬೆಲೆಗೆ ಕೊಳ್ಳುತ್ತಾರೆಯೆ, ನಿಮ್ಮ ಮನೆಯವರನ್ನೇ ಕೇಳಿ. ಪಟ್ಟಿಯ ಬೆಲೆ ಕಾಳಸಂತೆಯ ಬೆಲೆಗಿಂತ ಕೆಳಗಿದ್ದಷ್ಟು ದಿನ, ವಾಚು ಸಿಕ್ಕವನು ತಾನು ಖರ್ಚು ಮಾಡಿದೆ ಎಂದುಕೊಳ್ಳುವುದಿಲ್ಲ, ಗೆದ್ದೆ ಎಂದುಕೊಳ್ಳುತ್ತಾನೆ. ಲಾಟರಿ ಹೊಡೆದವನ ಸಂತೋಷ ಅದು. ಅವನ ಬಾಯಿ ಕಂಪನಿಗೆ ಬಿಟ್ಟಿ ಜಾಹೀರಾತು.

ಕಾಯಿಸುವವರಿಗೆ ಅವಸರವೂ ಇಲ್ಲ. ರೋಲೆಕ್ಸ್ ಕಟ್ಟಿದ ಹಾನ್ಸ್ ವಿಲ್ಸ್‌ಡಾರ್ಫ್‌ಗೆ ಮಕ್ಕಳಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ 1945ರಲ್ಲಿ ಒಂದು ಪ್ರತಿಷ್ಠಾನ ಮಾಡಿದ, 1960ರಲ್ಲಿ ಅವನು ಸತ್ತ ಮೇಲೆ ಕಂಪನಿ ಪೂರ್ತಿ ಅದರದೇ ಆಯಿತು. ಇನ್ನೊಂದು ಸ್ವಿಸ್ ವಾಚು ಕಂಪನಿ ಪಟೆಕ್ ಫಿಲಿಪ್ 1932ರಿಂದ ಸ್ಟರ್ನ್ ಮನೆತನದ ಕೈಯಲ್ಲಿದೆ. ಮೂರು ತಿಂಗಳಿಗೊಮ್ಮೆ ಷೇರುದಾರರ ಮುಂದೆ ಕೈಕಟ್ಟಿ ನಿಂತು ‘ಈ ಸಲ ಯಾಕೆ ಕಡಿಮೆ’ ಎಂಬ ಪ್ರಶ್ನೆಗೆ ಉತ್ತರಿಸುವ ಕರ್ಮ ಇವರಿಗಿಲ್ಲ. ಇಲ್ಲ ಅನ್ನುವುದಕ್ಕೂ ಹೊಟ್ಟೆ ತುಂಬಿರಬೇಕು ಸ್ವಾಮಿ.

ಇನ್ನು ‘ಮೊದಲು ಏನಾದರೂ ತಗೊಂಡಿದ್ದೀರಾ’ ಎಂಬ ಪ್ರಶ್ನೆ. ನಿಮ್ಮ ಜಿಲ್ಲೆಯ ಯಾವ ರೈತನನ್ನು ಕೇಳಿದರೂ ಇದರ ಅರ್ಥ ಹೇಳುತ್ತಿದ್ದ. ಮುಂಗಾರು ಹದವಾದಾಗ ಗೊಬ್ಬರದ ಅಂಗಡಿಗೆ ಹೋಗಿ ಎರಡು ಚೀಲ ಯೂರಿಯಾ ಕೇಳಿ ನೋಡಿ. ಯೂರಿಯಾ ಬೇಕಾದರೆ ಈ ಬಾಟಲಿಯನ್ನೂ ತಗೋ, ಆ ಪುಡಿಯನ್ನೂ ತಗೋ. ಅದಕ್ಕೆ ‘ಲಿಂಕ್’ ಅನ್ನುತ್ತಾರೆ. ವಾಚಿನ ಮಳಿಗೆಯಲ್ಲೂ ಅದೇ ಲಿಂಕ್, ಹವಾನಿಯಂತ್ರಿತ ಅಷ್ಟೆ. ಬೇಡಿಕೆಯ ವಾಚಿನ ಆಸೆ ತೋರಿಸಿ ಬಿಕರಿಯಾಗದ ವಾಚು, ಹೆಂಡತಿಗೊಂದು ಹಾರ, ಮಗನಿಗೊಂದು ಉಂಗುರ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತದೆ, ನಾರಿನ ದುಡ್ಡು ಮಾತ್ರ ನಿಮ್ಮದು. ಕಂಪನಿಗಳು ನಾವು ಹಾಗೆ ಹೇಳಿಲ್ಲ ಅನ್ನುತ್ತವೆ. ಇರಬಹುದು, ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಫ್ರಾನ್ಸಿನ ಎರ್ಮೆಸ್ ಕಂಪನಿಯ ದುಬಾರಿ ಬರ್ಕಿನ್ ಕೈಚೀಲಕ್ಕೆ ಸ್ಕಾರ್ಫು, ಚಪ್ಪಲಿಗಳ ಲಿಂಕ್ ಇದೆ ಎಂದು ದೂರಿ 2024ರಲ್ಲಿ ಕ್ಯಾಲಿಫೋರ್ನಿಯದಲ್ಲಿ ದಾವೆಯನ್ನೇ ಹೂಡಿದ್ದರು. ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನಮ್ಮ ರೈತ ಅಲ್ಲಿ ಸಾಕ್ಷಿ ಹೇಳಿದ್ದರೆ ಏನಾಗುತ್ತಿತ್ತೋ.

ಕಾಳಸಂತೆಯ ಲಾಭ ಕಂಪನಿಗೆ ಪೂರ್ತಿ ಬೇಡವೇ ಬೇಡ ಎಂದೂ ತಿಳಿಯಬೇಡಿ. 2022ರ ಡಿಸೆಂಬರಿನಲ್ಲಿ ರೋಲೆಕ್ಸ್ ತಾನೇ ಹಳೆಯ ವಾಚುಗಳಿಗೆ ಖಾತರಿ ಮುದ್ರೆ ಒತ್ತಿ ತನ್ನ ಮಾರಾಟಗಾರರ ಮೂಲಕ ಮಾರುವ ಏರ್ಪಾಟು ಶುರುಮಾಡಿತು. ಮರುವರ್ಷ ಬುಖರರ್ ಎಂಬ ದೊಡ್ಡ ಮಾರಾಟ ಸಂಸ್ಥೆಯನ್ನೇ ಕೊಂಡುಕೊಂಡಿತು. ಹೊಸದು ಇಲ್ಲ, ಹಳೆಯದು ಇದೆ, ಬೆಲೆ ಹೊಸದಕ್ಕಿಂತ ಜಾಸ್ತಿ, ನಮ್ಮಲ್ಲೇ ತಗೊಳ್ಳಿ.

ಇಷ್ಟೆಲ್ಲ ಬೈದ ಮೇಲೆ ನನ್ನದೊಂದು ಗುಟ್ಟು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ದೀಪಾವಳಿ ವಿಶೇಷಾಂಕ ನಾಲ್ಕೇ ದಿನಕ್ಕೆ ಖಾಲಿಯಾಯಿತು. ಏಜೆಂಟರು ಫೋನಿನ ಮೇಲೆ ಫೋನು. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ‘ಇಲ್ಲ’, ‘ಇಲ್ಲ’. ಆ ಒಂದು ತಿಂಗಳು ನಾನು ನೆಲದ ಮೇಲೆ ನಡೆಯಲಿಲ್ಲ. ಮರುವರ್ಷ ಹುಮ್ಮಸ್ಸಿನಿಂದ ಒಂದೂವರೆ ಪಟ್ಟು ಅಚ್ಚು ಹಾಕಿಸಿದೆ. ಸಂಕ್ರಾಂತಿಯ ಹೊತ್ತಿಗೆ ಕಟ್ಟು ಬಿಚ್ಚದ ಬಂಡಲುಗಳು ಲಾರಿಯಲ್ಲಿ ವಾಪಸು ಬಂದವು. ಗೋದಾಮಿನ ಹುಡುಗ ಅದರ ಮೇಲೆ ಕೂತೇ ಊಟ ಮಾಡುತ್ತಿದ್ದ. ಹಿಂದಿನ ವರ್ಷ ಪ್ರತಿ ಸಿಗಲಿಲ್ಲವೆಂದು ಹಲುಬಿದವರೇ ಈ ಸಲ ‘ಆಮೇಲೆ ತಗೊಂಡರಾಯ್ತು’ ಎಂದು ಸುಮ್ಮನಿದ್ದರು. ಎಲ್ಲೆಡೆ ಸಿಗುವುದನ್ನು ಇವತ್ತೇ ಕೊಳ್ಳುವ ದರ್ದು ಯಾರಿಗಿದೆ?

ಹಾಗಾಗಿ ಪಟೆಕ್ ಫಿಲಿಪ್‌ನ ಯಜಮಾನ ತಿಯರಿ ಸ್ಟರ್ನ್ 2021ರ ಆರಂಭದಲ್ಲಿ ಮಾಡಿದ ಕೆಲಸ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗದಿದ್ದರೂ. ಅವರ ನಾಟಿಲಸ್ 5711 ಎಂಬ ಉಕ್ಕಿನ ವಾಚಿಗೆ ಜಗತ್ತೇ ಮುಗಿಬಿದ್ದಿತ್ತು. ಇಂಥ ಹೊತ್ತಿನಲ್ಲಿ ಆತ ಅದರ ತಯಾರಿಕೆಯನ್ನೇ ನಿಲ್ಲಿಸಿದ. ಒಂದೇ ವಾಚು ಇಡೀ ಮನೆತನವನ್ನು ನುಂಗಿಹಾಕಬಾರದು ಎಂಬ ಭಯ. ಭಯ ನಿಜವೇ ಇರಬಹುದು, ಆದರೆ ಮುಂದಿನದು ನೋಡಿ. ಅದೇ ವರ್ಷದ ಕೊನೆಗೆ ಅಮೆರಿಕದ ಆಭರಣದ ಅಂಗಡಿ ಟಿಫನಿಯ ತಿಳಿನೀಲಿ ಬಣ್ಣದ ಡಯಲ್ ಹಾಕಿ 170 ವಾಚು ಬಿಟ್ಟರು. ಪಟ್ಟಿಯ ಬೆಲೆ ಸುಮಾರು 52,000 ಡಾಲರ್. ಮೊದಲನೆಯದನ್ನು ಹರಾಜಿಗಿಟ್ಟಾಗ 65 ಲಕ್ಷ ಡಾಲರ್ ದಾಟಿತು. ದುಡ್ಡು ನಿಸರ್ಗ ಸಂರಕ್ಷಣೆಗೆ ಹೋಯಿತು, ಒಳ್ಳೆಯದೇ. ಉಳಿದ 169 ವಾಚುಗಳ ಬೆಲೆ ಒಂದೇ ಸಂಜೆಯಲ್ಲಿ ಏನಾಗಿರಬಹುದು, ನೀವೇ ಊಹಿಸಿ.

ಕಾಯುವುದು ನಮಗೇನು ಹೊಸದಲ್ಲ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾದಾಗ ದೇಶಕ್ಕೆ ದೇಶವೇ ವಾಚಿಗಾಗಿ ಬಾಯಿಬಿಟ್ಟು ಕೂತಿತ್ತು. ಹೊರಗಿನಿಂದ ತರಿಸಲು ವಿದೇಶಿ ವಿನಿಮಯವಿಲ್ಲ, ಕದ್ದು ಬಂದದ್ದಕ್ಕೆ ಗ್ಯಾರಂಟಿ ಇಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ನನ್ನ ಸೋದರಮಾವನಿಗೆ ಊರಿನಿಂದ ಬರುತ್ತಿದ್ದ ಕಾಗದಗಳೆಲ್ಲ ಒಂದೇ ರೀತಿ: ‘ಹುಡುಗನ ಕಡೆಯವರು ವಾಚು ಕೇಳಿದ್ದಾರೆ, ವೈಶಾಖದೊಳಗೆ ಹೇಗಾದರೂ ಮಾಡು.’ ವಾಚು ಕೈಗೆ ಬರುವವರೆಗೆ ಲಗ್ನಪತ್ರಿಕೆ ಬರೆಸದ ಮನೆಗಳಿದ್ದವು. ಆದರೆ ಅಲ್ಲಿ ಅಭಾವ ಅಭಾವವೇ ಆಗಿತ್ತು. ಹೆಚ್ಚು ಮಾಡಬೇಕೆಂಬ ಆಸೆ ಇತ್ತು, ಮಾಡಿದರು ಕೂಡ. ತುಮಕೂರಿನಲ್ಲಿ, ದೂರದ ಶ್ರೀನಗರದಲ್ಲಿ ಕಾರ್ಖಾನೆ ಎದ್ದವು. ಒಟ್ಟು ಹತ್ತು ಕೋಟಿಗೂ ಮಿಕ್ಕಿ ವಾಚು ಆ ಕೈಗಳಿಂದ ಹೊರಬಿದ್ದವು. ಮೇಷ್ಟರ ಕೈಗೂ ಬಂತು, ಕಂಡಕ್ಟರ ಕೈಗೂ ಬಂತು. ಬಂದ ಮೇಲೆ ಮೋಹ ಹೋಯಿತು. 2014ರಲ್ಲಿ ಕಾರ್ಖಾನೆ ಮುಚ್ಚುತ್ತಾರಂತೆ ಎಂಬ ಸುದ್ದಿ ಬಿದ್ದದ್ದೇ ತಡ, ಅದೇ ಜನ ಅಂಗಡಿಗಳ ಮುಂದೆ ಸಾಲುಗಟ್ಟಿದರು, ಬೆಲೆ ಏರಿತು! 2016ರಲ್ಲಿ ಸರ್ಕಾರ ಬಾಗಿಲು ಹಾಕಿತು. ಜಿನೀವಾದ ವಾಚು ಕಂಪನಿಯವರು ವ್ಯಾಪಾರಶಾಸ್ತ್ರದ ಪಾಠ ಕಲಿಯಲು ಎಲ್ಲೂ ಹೋಗಬೇಕಿಲ್ಲ, ನಮ್ಮನ್ನು ನೋಡಿದರೆ ಸಾಕು.

ಸುಂಕದ ವಿಚಾರ ಕೇಳಿದ್ದೀರಿ. ಸ್ವಿಟ್ಜರ್ಲೆಂಡ್ ಸೇರಿದ ನಾಲ್ಕು ದೇಶಗಳ ಜೊತೆ ಭಾರತ 2024ರ ಮಾರ್ಚಿನಲ್ಲಿ ಮಾಡಿಕೊಂಡ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಸ್ವಿಸ್ ವಾಚುಗಳ ಆಮದು ಸುಂಕ ವರ್ಷ ವರ್ಷ ಇಳಿಯುತ್ತದೆ. ಗಾಜಿನೊಳಗಿದ್ದ ಬೇರೆ ವಾಚುಗಳು ಒಂದಿಷ್ಟು ಅಗ್ಗವಾಗಬಹುದು. ನಿಮ್ಮ ವಾಚಿನ ಸಾಲು ಉದ್ದವಾಗುತ್ತದೆ. ಬೆಲೆ ಇಳಿದರೆ ಕಾಯುವವರು ಹೆಚ್ಚುತ್ತಾರೆಯೇ ಹೊರತು ವಾಚುಗಳಲ್ಲ.

ನನ್ನ ಸಿಟ್ಟು ನಿಜವಾಗಿ ವಾಚಿನ ಮೇಲಲ್ಲ. ಅದಿಲ್ಲದೆ ಯಾರ ಒಲೆಯೂ ಆರುವುದಿಲ್ಲ. ಆ ಮಳಿಗೆಯ ವಿದ್ಯೆ ಈಗ ಬೀದಿಗಿಳಿದಿದೆ, ಅದು ನನಗೆ ಸಹಿಸುವುದಿಲ್ಲ. ಮೊಮ್ಮಗನನ್ನು ಎಲ್‌ಕೆಜಿಗೆ ಸೇರಿಸಲು ಹೋದಾಗ ಶಾಲೆಯೊಂದರಲ್ಲಿ ‘ಅರ್ಜಿ ಸೀಮಿತ’ ಎಂದರು. ಅರ್ಜಿ ಅಂದರೆ ಒಂದು ಹಾಳೆ ಕಾಗದ, ಸ್ವಾಮಿ! ಬಡಾವಣೆ ಇನ್ನೂ ಜೋಳದ ಹೊಲವಾಗಿರುವಾಗಲೇ ‘ಕೊನೆಯ ಐದು ಸೈಟು’. ದೇವರ ದರ್ಶನಕ್ಕೆ ಮೂರು ಸಾಲು, ಮೂರಕ್ಕೂ ಬೇರೆ ಬೇರೆ ದರ. ಬಸ್ಸಿನ ಟಿಕೆಟ್ ಕೊಳ್ಳುವಾಗಲೂ ಫೋನಿನ ಪರದೆ ‘ಎರಡೇ ಸೀಟು ಉಳಿದಿವೆ’ ಎಂದು ಎದೆ ಡವಗುಟ್ಟಿಸುತ್ತದೆ, ಹತ್ತಿ ನೋಡಿದರೆ ಅರ್ಧ ಬಸ್ಸು ಖಾಲಿ. ನಿಜವಾಗಿ ಅಪರೂಪವಾದವರನ್ನು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ಮಾವನ ಹಳೆಯ ಕೀ ವಾಚು ಈಗ ನನ್ನ ಹತ್ತಿರವಿದೆ. ಅದನ್ನು ಬಿಚ್ಚಿ ತೊಳೆದು ಎಣ್ಣೆ ಬಿಡುವವರನ್ನು ಹುಡುಕಿ ಮೂರು ಪೇಟೆ ಅಲೆದೆ. ಕಡೆಗೆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಕಣ್ಣಿಗೆ ದುರ್ಬೀನು ಸಿಕ್ಕಿಸಿಕೊಂಡು ಕೂತಿದ್ದ ಒಬ್ಬರು ಸಿಕ್ಕರು. ‘ಮುಂದಿನ ಗುರುವಾರ ಬನ್ನಿ’ ಎಂದರು. ಇದು ಐದನೇ ಗುರುವಾರ. ಅವರ ಮುಂದೆ ನನ್ನದಕ್ಕಿಂತ ಮೊದಲು ಬಂದ ಇಪ್ಪತ್ತು ವಾಚುಗಳಿವೆ, ಅವರಿಗೆ ಇರುವುದು ಎರಡೇ ಕೈ. ಆ ಸಾಲಿನಲ್ಲಿ ನಿಲ್ಲಲು ನನಗೆ ಬೇಸರವಿಲ್ಲ.

ನಿಮ್ಮನ್ನೂ ಒಂದು ಮಾತು ಗದರಿಸದೆ ಬಿಡಲಾರೆ. ಆ ಗಾಜಿನೊಳಗೆ ಹತ್ತಾರು ವಾಚುಗಳಿದ್ದಿರಬೇಕು, ದುಡ್ಡು ಎಣಿಸಿದರೆ ಆಗಲೇ ಕೈಗೆ ಬರುವಂಥವು, ಅಷ್ಟೇ ಚೆನ್ನಾಗಿ ನಡೆಯುವಂಥವು. ಅವುಗಳ ಬಗ್ಗೆ ನಿಮ್ಮ ಪತ್ರದಲ್ಲಿ ಒಂದಕ್ಷರವೂ ಇಲ್ಲ. ಮಳಿಗೆಗೆ ಹೋಗುವ ಮೊದಲು ಆ ಉಕ್ಕಿನ ವಾಚೇ ಬೇಕೆಂದು ನಿಮಗೆ ಅನ್ನಿಸಿತ್ತೋ, ‘ಹೇಳಕ್ಕಾಗಲ್ಲ’ ಎಂದ ಮೇಲೆ ಅನ್ನಿಸಿತೋ, ನಿಧಾನವಾಗಿ ನೆನಪು ಮಾಡಿಕೊಳ್ಳಿ. ಮುಂಬಯಿಯವನಿಗೆ ಮಾತ್ರ ಖಂಡಿತ ದುಡ್ಡು ಕಳಿಸಬೇಡಿ. ಮಗಳ ಸಂಪಾದನೆ, ಅದೂ ಪಟ್ಟಿಯ ಬೆಲೆಯ ಮೇಲೆ ಅರ್ಧದಷ್ಟು ಹೆಚ್ಚಿಗೆ.

ಹೆಸರು ಬರೆಸಿದ್ದೀರಲ್ಲ, ಇರಲಿ ಬಿಡಿ, ತೆಗೆಸಬೇಡಿ. ಯಾವತ್ತಾದರೂ ಆ ಹುಡುಗ ಫೋನ್ ಮಾಡಿ ವಾಚು ಬಂದಿದೆ ಎಂದರೆ ನನಗೂ ಒಂದು ಕಾರ್ಡು ಹಾಕಿ. ಇಷ್ಟು ಬರೆದವನು ಅದನ್ನು ಇನ್ನೂ ಕೈಯಲ್ಲಿ ಹಿಡಿದು ನೋಡಿಲ್ಲ.

ಸಂ.